ಕೈಗಳ ಪಟ್ಟಿ ಕೆಳಗಿನ ಮಹಡಿಯಲ್ಲಿ, ಕೆಲಸದ ಪಟ್ಟಿ ಮೇಲಿನ ಮಹಡಿಯಲ್ಲಿ

ಪ್ರಶ್ನೆ: ನಮ್ಮದು ಅಕ್ಕಪಕ್ಕದ ಹನ್ನೊಂದು ಸ್ಥಳೀಯ ಸರ್ಕಾರಗಳು ಸೇರಿ ಮಾಡಿಕೊಂಡಿರುವ ಪ್ರಾದೇಶಿಕ ಮಂಡಳಿ. ನಾನು ಉದ್ಯೋಗ ತರಬೇತಿ ವಿಭಾಗದಲ್ಲಿದ್ದೇನೆ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ವಿಪತ್ತು ಸಿದ್ಧತೆ ವಿಭಾಗ ಇದೆ. ಎರಡು ವರ್ಷದ ಹಿಂದೆ ಒಂದು ಜಂಟಿ ಸಮಿತಿ ಮಾಡಿದರು. ಮೂರು ತಿಂಗಳಿಗೊಮ್ಮೆ ಸಭೆ ಸೇರುತ್ತೇವೆ, ನಡಾವಳಿ ಬರೆಯುತ್ತೇವೆ, ಅಷ್ಟೇ. ಕಳೆದ ಪ್ರವಾಹದಲ್ಲಿ ನಾವು ತರಬೇತಿ ಕೊಟ್ಟ ಎಲೆಕ್ಟ್ರಿಷಿಯನ್‌ಗಳು ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದರು. ಮೇಲಿನ ಮಹಡಿಯವರು ದೂರದಿಂದ ಗುತ್ತಿಗೆದಾರರನ್ನು ಕರೆಸುತ್ತಿದ್ದರು. ಎರಡೂ ವಿಭಾಗಗಳನ್ನು ಒಂದೇ ಮಾಡಿಬಿಡಬೇಕಾ? ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಬೇಕು? ಮುಂದಿನ ತಿಂಗಳು ನಮ್ಮ ಹೊಸ ಬ್ಯಾಚ್ ಶುರುವಾಗುತ್ತದೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ನೋವಾಗಿದ್ದು ಆ ಎಲೆಕ್ಟ್ರಿಷಿಯನ್‌ಗಳ ವಿಷಯ. ಸರ್ಕಾರದ ದುಡ್ಡಿನಲ್ಲೇ ಕಲಿತವರು. ಅವರ ಫೋನ್ ನಂಬರ್ ನಿಮ್ಮ ಕಂಪ್ಯೂಟರಿನಲ್ಲಿತ್ತು. ಅವರು ಬೇಕಾಗಿದ್ದ ಜಾಗದ ನಕ್ಷೆ ಮೇಲಿನ ಮಹಡಿಯಲ್ಲಿತ್ತು. ನಡುವೆ ಇದ್ದದ್ದು ಒಂದು ಮೆಟ್ಟಿಲ ಸಾಲು ಮಾತ್ರ.

ಮೊದಲ ಪ್ರಶ್ನೆಗೆ ನೇರ ಉತ್ತರ: ವಿಭಾಗಗಳನ್ನು ಒಂದು ಮಾಡಬೇಡಿ. ನಿಮ್ಮ ಕೆಲಸ ವರ್ಷದ ಲೆಕ್ಕದಲ್ಲಿ ನಡೆಯುತ್ತದೆ. ಎಷ್ಟು ಜನ ಕಲಿತರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಆರು ತಿಂಗಳ ಮೇಲೂ ಆ ಕೆಲಸದಲ್ಲಿ ಉಳಿದರಾ ಅಂತ ನೋಡುತ್ತೀರಿ. ಅವರದ್ದು ಗಂಟೆಯ ಲೆಕ್ಕ. ಒಂದೇ ಮುಖ್ಯಸ್ಥರ ಕೆಳಗೆ ತಂದರೆ, ನೆಮ್ಮದಿಯ ವರ್ಷಗಳಲ್ಲಿ ವಿಪತ್ತು ಸಿದ್ಧತೆ ಸೊರಗುತ್ತದೆ, ಕಷ್ಟದ ವರ್ಷದಲ್ಲಿ ತರಬೇತಿ ನಿಂತುಹೋಗುತ್ತದೆ. ಒಂದಾಗಬೇಕಾದದ್ದು ಜನರ ಬಗೆಗಿನ ಮಾಹಿತಿ. ಯಾರಿಗೆ ಏನು ಬರುತ್ತದೆ, ಎಲ್ಲಿದ್ದಾರೆ, ಕರೆದರೆ ಬರುತ್ತಾರಾ, ಬಂದರೆ ಸಂಬಳ ಯಾರು ಕೊಡುತ್ತಾರೆ, ಪೆಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ. ಇಷ್ಟು ಗೊತ್ತಿದ್ದರೆ ವಿಭಾಗಗಳು ಬೇರೆ ಬೇರೆ ಇದ್ದರೂ ತೊಂದರೆಯಿಲ್ಲ.

ಹಾಗಾದರೆ ಶುರು ಎಲ್ಲಿಂದ? ಮೇಲಿನ ಮಹಡಿಯವರ ಜೊತೆ ಅರ್ಧ ದಿನ ಕೂತುಕೊಳ್ಳಿ. ಅವರ ಹತ್ತಿರ ಈಗಾಗಲೇ ಇರುವ ಒಂದು ಯೋಜನೆ ತೆಗೆದುಕೊಳ್ಳಿ, ಪ್ರವಾಹದ್ದೇ ಆಗಲಿ. ದೋಣಿ ಎಷ್ಟು, ಪಂಪ್ ಎಷ್ಟು, ಜನರೇಟರ್ ಎಷ್ಟು ಅಂತ ಅದರಲ್ಲಿ ಬರೆದಿರುತ್ತಾರೆ. ನೀವು ಒಂದೇ ಪ್ರಶ್ನೆ ಕೇಳಿ: ನಾಲ್ಕನೇ ದಿನ ರಾತ್ರಿ ಎರಡು ಗಂಟೆಗೆ ಈ ಪಂಪಿನ ಪಕ್ಕ ನಿಂತಿರೋದು ಯಾರು?

ಮೊದಲ ದಿನ ಎಲ್ಲರೂ ಬರುತ್ತಾರೆ. ಹುಮ್ಮಸ್ಸು ಇರುತ್ತದೆ, ರಜೆಯಲ್ಲಿರುವವರೂ ಓಡಿ ಬರುತ್ತಾರೆ. ಮೂರನೇ ದಿನದ ಹೊತ್ತಿಗೆ ಕಣ್ಣು ಕೆಂಪಾಗಿರುತ್ತವೆ. ಅಷ್ಟರಲ್ಲಿ ಕೆಲವರ ಸ್ವಂತ ಮನೆಗೇ ನೀರು ನುಗ್ಗಿರುತ್ತದೆ. ಮಕ್ಕಳನ್ನು ಬಿಟ್ಟು ಬರುವ ಹಾಗಿಲ್ಲ. ಈಗ ಲೆಕ್ಕ ಹಾಕಿ. ಹಗಲು ರಾತ್ರಿ ನಡೆಯಬೇಕಾದ ಒಂದು ಜಾಗಕ್ಕೆ 12 ಗಂಟೆಯ ಶಿಫ್ಟ್ ಅಂದರೆ ಇಬ್ಬರು ಬೇಕು. ಎರಡು ವಾರ ನಡೆಯಬೇಕು, ಮಧ್ಯೆ ರಜೆಯೂ ಸಿಗಬೇಕು ಅಂದರೆ ಮೂವರು. ಅಂಥ ಇಪ್ಪತ್ತು ಜಾಗ ಇದ್ದರೆ 60 ಜನ. ಯೋಜನೆಯಲ್ಲಿ ಇಪ್ಪತ್ತೈದು ಹೆಸರು ಇದ್ದರೆ, ಉಳಿದ 35 ಜನ ಎಲ್ಲಿಂದ ಬರಬೇಕು? ಸಭೆಯಲ್ಲಿ ಈ ಅಂಕಿ ಮೇಜಿನ ಮೇಲೆ ಬಂದಾಗ ಮಾತಿನ ಧಾಟಿಯೇ ಬದಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿಯವರೆಗೆ 'ಸಮನ್ವಯ' ಅನ್ನೋದು ಒಂದು ಒಳ್ಳೆಯ ಪದ ಆಗಿರುತ್ತದೆ. ಆಮೇಲೆ ಅದು ಒಂದು ಕೊರತೆ, ಅದನ್ನು ತುಂಬಲೇಬೇಕು.

ಆ ಕೊರತೆಯ ಪಟ್ಟಿ ಮಾಡುವಾಗ ಸಾಹಸದ ಕೆಲಸಗಳನ್ನಷ್ಟೇ ಬರೆಯಬೇಡಿ. ಹಗ್ಗ ಹಿಡಿದು ಈಜುವವರನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಪರಿಹಾರ ಕೇಂದ್ರದಲ್ಲಿ ಅಡುಗೆ ಮಾಡುವವರು, ವಯಸ್ಸಾದವರ ಔಷಧಿ ನೋಡಿಕೊಳ್ಳುವವರು, ಭಾರಿ ವಾಹನದ ಲೈಸೆನ್ಸ್ ಇರುವ ಡ್ರೈವರ್‌ಗಳು, ನೀರು ಶುದ್ಧೀಕರಣ ಘಟಕ ನಡೆಸಬಲ್ಲವರು, ಅರ್ಜಿಗಳನ್ನು ಕಂಪ್ಯೂಟರಿಗೆ ಹಾಕುವವರು, ಬೇರೆ ಭಾಷೆಯವರ ಜೊತೆ ಮಾತಾಡಬಲ್ಲವರು, ಇವರು ಸಿಗದೆ ಕೆಲಸ ನಿಂತ ಉದಾಹರಣೆಗಳೇ ಜಾಸ್ತಿ. ಇಂಥವರನ್ನು ತಯಾರು ಮಾಡೋದು ನಿಮ್ಮ ವಿಭಾಗವೇ ಅಲ್ವಾ?

ಇನ್ನು ಒಂದೇ ಹೆಸರನ್ನು ಎರಡು ಕಡೆ ಎಣಿಸುವ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಪ್ರಾದೇಶಿಕ ಮಟ್ಟದಲ್ಲಿ ಎಲ್ಲಕ್ಕಿಂತ ದೊಡ್ಡ ಮೋಸ ಆಗೋದು ಇಲ್ಲೇ. ಯಾರೂ ಬೇಕಂತ ಮಾಡುವ ಮೋಸ ಅಲ್ಲ ಇದು. ಒಬ್ಬ ನರ್ಸ್ ಆಸ್ಪತ್ರೆಯ ತುರ್ತು ಪಟ್ಟಿಯಲ್ಲಿದ್ದಾಳೆ. ಸ್ವಯಂಸೇವಾ ಸಂಸ್ಥೆಯ ಪಟ್ಟಿಯಲ್ಲೂ ಇದ್ದಾಳೆ. ಪಕ್ಕದ ಊರಿನ ಆರೋಗ್ಯ ತಂಡದಲ್ಲಿ ವಾರಕ್ಕೆರಡು ದಿನ ದುಡಿಯುತ್ತಾಳೆ, ಅಲ್ಲೂ ಹೆಸರಿದೆ. ಮೂರು ಸಂಸ್ಥೆಗಳೂ ನಮ್ಮ ಹತ್ತಿರ ಒಬ್ಬ ನರ್ಸ್ ಇದ್ದಾಳೆ ಅಂತ ಬರೆದುಕೊಂಡಿವೆ. ಪ್ರಾದೇಶಿಕ ಪಟ್ಟಿಯಲ್ಲಿ ಮೂವರು ನರ್ಸ್‌ಗಳು. ನೆರೆ ಬಂದ ದಿನ ಬರೋದು ಒಬ್ಬಳೇ. ಜೆಸಿಬಿ ಆಪರೇಟರ್‌ಗಳದ್ದೂ ಇದೇ ಕಥೆ. ಒಬ್ಬನೇ ಗುತ್ತಿಗೆದಾರ ನಾಲ್ಕು ಸ್ಥಳೀಯ ಸರ್ಕಾರಗಳ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾನೆ. ನಾಲ್ಕೂ ಕಡೆ ಒಟ್ಟಿಗೆ ನೀರು ಬಂದರೆ ಅವನು ಮೊದಲು ಎಲ್ಲಿಗೆ ಹೋಗುತ್ತಾನೆ?

ಒಂದೊಂದು ಸ್ಥಳೀಯ ಸರ್ಕಾರ ತನ್ನ ಪಟ್ಟಿಯನ್ನಷ್ಟೇ ನೋಡಿದರೆ ಇದು ಕಾಣುವುದೇ ಇಲ್ಲ. ಹನ್ನೊಂದೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟವರಿಗೆ ಮಾತ್ರ ಕಾಣುತ್ತದೆ. ಆ ಜಾಗದಲ್ಲಿ ಇರೋದು ನಿಮ್ಮ ಮಂಡಳಿ. ಆದ್ದರಿಂದ ಮೊದಲ ವರ್ಷ ಇನ್ನೇನೂ ಆಗದಿದ್ದರೂ ಪರವಾಗಿಲ್ಲ, ಈ ಒಂದು ಕೆಲಸ ಮಾಡಿ. ಪಟ್ಟಿಗಳನ್ನು ಸೇರಿಸಿ, ಎರಡೆರಡು ಸಲ ಬಂದ ಹೆಸರುಗಳನ್ನು ಗುರುತಿಸಿ. ಆ ವ್ಯಕ್ತಿಗೇ ಫೋನ್ ಮಾಡಿ, ಎಲ್ಲರೂ ಒಟ್ಟಿಗೆ ಕರೆದರೆ ನೀವು ಯಾರ ಕಡೆ ಹೋಗುತ್ತೀರಿ ಅಂತ ಕೇಳಿ. ಉತ್ತರ ಬಂದಮೇಲೆ ಒಂದು ಕಡೆ ಮಾತ್ರ ಉಳಿಸಿ. ಪಟ್ಟಿ ಚಿಕ್ಕದಾಗುತ್ತದೆ. ಕೆಲವರಿಗೆ ಬೇಜಾರೂ ಆಗುತ್ತದೆ. ಆದರೆ ಆ ಚಿಕ್ಕ ಪಟ್ಟಿಯನ್ನು ನಂಬಬಹುದು.

ಪಟ್ಟಿ ಸೇರಿಸುವಾಗ ಇನ್ನೊಂದು ತೊಡಕು ಎದುರಾಗುತ್ತದೆ: ಪದಗಳು. 1970ರ ಶರತ್ಕಾಲದಲ್ಲಿ ಕ್ಯಾಲಿಫೋರ್ನಿಯಾದಲ್ಲಿ 13 ದಿನ ಕಾಡ್ಗಿಚ್ಚು ಹಬ್ಬಿತ್ತು. 16 ಜನ ಸತ್ತರು, 700ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು, ಐದು ಲಕ್ಷ ಎಕರೆಗೂ ಮೀರಿ ಉರಿಯಿತು. ಅಗ್ನಿಶಾಮಕ ಸಂಸ್ಥೆಗಳು ಸಹಾಯಕ್ಕೆ ಓಡಿ ಬಂದವು, ಜನಕ್ಕೆ ಕೊರತೆ ಇರಲಿಲ್ಲ. ಆದರೆ ರೇಡಿಯೋ ಸಂಕೇತಗಳು ಬೇರೆ ಬೇರೆ. ಒಂದೇ ಸಾಮಾನಿಗೆ ಒಬ್ಬೊಬ್ಬರದ್ದು ಒಂದೊಂದು ಹೆಸರು. ಯಾರ ಮಾತು ಯಾರು ಕೇಳಬೇಕು ಅನ್ನೋದೂ ತೀರ್ಮಾನ ಆಗಿರಲಿಲ್ಲ. ಆ ಪಾಠದಿಂದ ಫೈರ್‌ಸ್ಕೋಪ್ ಅನ್ನುವ ಜಂಟಿ ಯೋಜನೆ ಹುಟ್ಟಿತು. ಅದರಿಂದ ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್ ಬಂತು, ಅಂದರೆ ತುರ್ತಿನಲ್ಲಿ ಎಲ್ಲ ಸಂಸ್ಥೆಗಳೂ ಒಂದೇ ಪದಗಳು, ಒಂದೇ ಆಜ್ಞೆಯ ಸಾಲು ಬಳಸುವ ವ್ಯವಸ್ಥೆ. ಈಗ ಅನೇಕ ದೇಶಗಳು ಅದನ್ನೇ ತಮಗೆ ಬೇಕಾದ ಹಾಗೆ ಬದಲಿಸಿಕೊಂಡು ಬಳಸುತ್ತಿವೆ.

ನಿಮಗೆ ಇದರಿಂದ ಏನು? ನಿಮ್ಮ ಕಡತದಲ್ಲಿ 'ಎಲೆಕ್ಟ್ರಿಷಿಯನ್, ಎರಡನೇ ಹಂತ' ಅಂತ ಇರುತ್ತದೆ. ಮೇಲಿನ ಮಹಡಿಯವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ನೀರು ನಿಂತ ಕಟ್ಟಡದಲ್ಲಿ ಇವನು ಸುರಕ್ಷಿತವಾಗಿ ಕರೆಂಟ್ ಕಡಿಯಬಲ್ಲನಾ, ಜನರೇಟರ್ ಜೋಡಿಸುವಾಗ ಹಿಂದಕ್ಕೆ ಕರೆಂಟ್ ಹರಿದು ಲೈನ್‌ಮ್ಯಾನ್‌ಗೆ ಹೊಡೆಯದ ಹಾಗೆ ನೋಡಿಕೊಳ್ಳಬಲ್ಲನಾ, ಅವರಿಗೆ ಬೇಕಾದ ಉತ್ತರ ಇದು. ಆದ್ದರಿಂದ ನಿಮ್ಮ ಒಂದೊಂದು ಕೋರ್ಸಿನ ಮುಂದೆ, ಇದು ಮುಗಿಸಿದವರು ತುರ್ತಿನಲ್ಲಿ ಏನು ಮಾಡಬಲ್ಲರು, ಏನು ಮಾಡಬಾರದು ಅಂತ ಎರಡು ಸಾಲು ಬರೆಯಿರಿ. ಬರೆಯುವಾಗ ತರಬೇತುದಾರರೂ ಪಕ್ಕದಲ್ಲಿರಲಿ. ಕೆಲವು ಕೋರ್ಸ್‌ಗಳಿಗೆ ಅರ್ಧ ದಿನದ ಪಾಠ ಸೇರಿಸಿದರೆ ಸಾಕು, ಆ ವ್ಯಕ್ತಿ ತುರ್ತಿಗೂ ಒದಗುತ್ತಾನೆ ಅಂತ ಆಗ ಗೊತ್ತಾಗುತ್ತದೆ.

ಈಗ ಕಷ್ಟದ ಭಾಗಕ್ಕೆ ಬರೋಣ. ಒಂದು ಸರ್ಕಾರದ ನೌಕರ ಇನ್ನೊಂದು ಸರ್ಕಾರದ ಗಡಿ ದಾಟಿ ಕೆಲಸಕ್ಕೆ ಹೋದರೆ ಸಂಬಳ ಯಾರದ್ದು? ಅವನ ಲೈಸೆನ್ಸ್ ಅಲ್ಲಿ ನಡೆಯುತ್ತದಾ? ಕಾಲು ಮುರಿದರೆ? ಅವನ ಕೈಯಿಂದ ಯಾರದ್ದಾದರೂ ಗೋಡೆ ಬಿದ್ದರೆ? ಇವಕ್ಕೆಲ್ಲ ನೆರೆ ಬಂದಮೇಲೆ ಉತ್ತರ ಹುಡುಕಿದರೆ ಯಾವ ಅಧಿಕಾರಿಯೂ ಸಹಿ ಹಾಕುವುದಿಲ್ಲ. ಅವರನ್ನು ದೂರುವ ಹಾಗೂ ಇಲ್ಲ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮಾದರಿ ಅಮೆರಿಕದ ರಾಜ್ಯಗಳ ಪರಸ್ಪರ ನೆರವಿನ ಒಪ್ಪಂದ. ಅದನ್ನು ಇಮ್ಯಾಕ್ ಅಂತ ಕರೆಯುತ್ತಾರೆ. 1992ರ ಆಂಡ್ರ್ಯೂ ಚಂಡಮಾರುತದ ಅನುಭವದಿಂದ ಅದಕ್ಕೆ ಚಾಲನೆ ಸಿಕ್ಕಿತು, 1996ರಲ್ಲಿ ಅಲ್ಲಿನ ಸಂಸತ್ತು ಒಪ್ಪಿಗೆ ಕೊಟ್ಟಿತು. ಈಗ 50 ರಾಜ್ಯಗಳೂ ಅದರಲ್ಲಿವೆ. ಅದರ ಒಳಗಿನ ಮಾತು ಬಹಳ ಸರಳ. ಒಂದು ರಾಜ್ಯ ಕೊಟ್ಟ ವೃತ್ತಿ ಲೈಸೆನ್ಸ್ ನೆರವಿನ ಅವಧಿಯಲ್ಲಿ ಕರೆಸಿಕೊಂಡ ರಾಜ್ಯದಲ್ಲೂ ನಡೆಯುತ್ತದೆ. ಕೆಲಸದಲ್ಲಿ ಗಾಯವಾದರೆ, ಸ್ವಂತ ರಾಜ್ಯದಲ್ಲೇ ಗಾಯವಾಯಿತು ಅನ್ನೋ ಹಾಗೆ ಕಳಿಸಿದ ರಾಜ್ಯವೇ ಪರಿಹಾರ ಕೊಡುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸದಲ್ಲಿ ತಪ್ಪಾದರೆ ಆ ನೌಕರನ ಮೇಲೆ ಹೊಣೆ ಬೀಳುವುದಿಲ್ಲ. ಖರ್ಚನ್ನು ಕರೆಸಿಕೊಂಡವರು ಆಮೇಲೆ ತುಂಬಿಕೊಡುತ್ತಾರೆ. ಈ ನಾಲ್ಕು ವಿಷಯ ಮೊದಲೇ ಬರೆದಿಟ್ಟಿದ್ದರಿಂದ 2005ರಲ್ಲಿ ಕತ್ರಿನಾ ಮತ್ತು ರೀಟಾ ಚಂಡಮಾರುತಗಳು ಬಂದಾಗ ಸುಮಾರು 66,000 ಜನ ಈ ಒಪ್ಪಂದದ ಅಡಿಯಲ್ಲಿ ಗಡಿ ದಾಟಿ ಕೆಲಸಕ್ಕೆ ಹೋಗಲು ಆಯಿತು.

ನಿಮ್ಮ ಹನ್ನೊಂದು ಸರ್ಕಾರಗಳಿಗೆ ಅಷ್ಟು ದೊಡ್ಡದು ಬೇಕಿಲ್ಲ. ಆ ನಾಲ್ಕು ವಿಷಯ, ಜೊತೆಗೆ ದಿನಗೂಲಿ ದರ. ಮೂರು ಪುಟದ ಒಡಂಬಡಿಕೆ ಸಾಕು. ಆದರೆ ಅದು ನಿಮ್ಮ ತರಬೇತಿ ಪಡೆದ, ಈಗ ಯಾರ ನೌಕರರೂ ಅಲ್ಲದ ಜನರಿಗೂ ಅನ್ವಯ ಆಗಬೇಕು. ಸಾಮಾನ್ಯವಾಗಿ ಇಂಥ ಒಪ್ಪಂದಗಳು ಖಾಯಂ ನೌಕರರ ಬಗ್ಗೆ ಮಾತ್ರ ಮಾತಾಡುತ್ತವೆ. ನಿಮ್ಮ ಎಲೆಕ್ಟ್ರಿಷಿಯನ್ ಹೊರಗೆ ಉಳಿಯುತ್ತಾನೆ. ಕರೆ ಬಂದ ದಿನದಿಂದಲೇ ಅವನನ್ನು ತಾತ್ಕಾಲಿಕ ನೌಕರ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದು ಸಾಲು ಅದರಲ್ಲಿ ಇರಲೇಬೇಕು.

ದುಡ್ಡಿನ ವಿಷಯದಲ್ಲಿ ಎರಡು ಬೇರೆ ಬೇರೆ ಚೀಲಗಳಿರುತ್ತವೆ, ಎರಡಕ್ಕೂ ಬೇರೆ ಬೇರೆ ನಿಯಮ. ಉದಾಹರಣೆಗೆ ಅಮೆರಿಕದಲ್ಲಿ ವಿಪತ್ತು ಪರಿಹಾರ ನಿಧಿಯಿಂದ ತುರ್ತು ಕೆಲಸಕ್ಕೆ ಸಾಮಾನ್ಯವಾಗಿ ಖಾಯಂ ನೌಕರರ ಓವರ್‌ಟೈಮ್ ಮಾತ್ರ ವಾಪಸ್ ಸಿಗುತ್ತದೆ, ಮಾಮೂಲಿ ಸಂಬಳ ಸಿಗುವುದಿಲ್ಲ. ಅದೇ ಕೆಲಸಕ್ಕೆ ತಾತ್ಕಾಲಿಕವಾಗಿ ತೆಗೆದುಕೊಂಡವರ ಪೂರ್ತಿ ಸಂಬಳ ಸಿಗುತ್ತದೆ. ಇನ್ನೊಂದು ಕಡೆ, ಅಲ್ಲಿನದೇ 2014ರ ಉದ್ಯೋಗ ತರಬೇತಿ ಕಾಯ್ದೆಯ ಅಡಿಯಲ್ಲಿ, ವಿಪತ್ತಿನಿಂದ ಕೆಲಸ ಕಳೆದುಕೊಂಡವರಿಗೆ ಸ್ವಚ್ಛತೆ, ಪರಿಹಾರದಂಥ ತಾತ್ಕಾಲಿಕ ಕೆಲಸ ಕೊಡಲು ಪ್ರತ್ಯೇಕ ಅನುದಾನ ಇದೆ. ಸಾಮಾನ್ಯವಾಗಿ ಒಬ್ಬರಿಗೆ 12 ತಿಂಗಳ ಮಿತಿ. ನಿಮ್ಮಲ್ಲಿ ನಿಯಮ ಬೇರೆ ಇರಬಹುದು. ಆದರೆ ಯಾವ ಚೀಲ ಯಾರ ಸಂಬಳಕ್ಕೆ ತೆರೆಯುತ್ತದೆ ಅಂತ ಇಬ್ಬರು ಲೆಕ್ಕಾಧಿಕಾರಿಗಳು ಈಗಲೇ ಕೂತು ಒಂದು ಹಾಳೆಯಲ್ಲಿ ಬರೆಯಲಿ. ಹಾಜರಿ ಹಾಳೆಯೂ ಎರಡಕ್ಕೂ ಆಗುವಂಥ ಒಂದೇ ಇರಲಿ: ಯಾರು, ಯಾವ ಜಾಗ, ಯಾವ ಕೆಲಸ, ಎಷ್ಟು ಗಂಟೆ, ಯಾರ ಸಹಿ. ಒಂದು ಕಟ್ಟು ಮುದ್ರಿಸಿ ಪರಿಹಾರ ಕೇಂದ್ರಗಳ ಬೀರುವಿನಲ್ಲಿ ಇಟ್ಟುಬಿಡಿ. ಬರೆದಿಡದ ಗಂಟೆಗೆ ದುಡ್ಡು ಬರುವುದಿಲ್ಲ.

ಒಂದು ಎಚ್ಚರಿಕೆ, ಇದನ್ನು ತುಂಬಾ ಗಂಭೀರವಾಗಿ ಹೇಳುತ್ತಿದ್ದೇನೆ. ತರಬೇತಿಗೆ ಬಂದವರು ಅಗ್ಗದ ಆಳುಗಳಾಗಬಾರದು. ನೆರೆ ಇಳಿದಮೇಲಿನ ಕೆಲಸ ಸುಲಭದ್ದಲ್ಲ. ಚರಂಡಿ ನೀರು ಬೆರೆತ ಕೆಸರು, ಬೂಷ್ಟು ಹಿಡಿದ ಗೋಡೆ, ಬಾಗಿ ನಿಂತ ಮರ. ಮುಚ್ಚಿದ ಜಾಗದಲ್ಲಿ ಜನರೇಟರ್ ಓಡಿಸಿ ಕಾರ್ಬನ್ ಮೊನಾಕ್ಸೈಡ್‌ನಿಂದ ಜನ ಸಾಯುವುದು ಚಂಡಮಾರುತಗಳ ನಂತರ ಮತ್ತೆ ಮತ್ತೆ ನಡೆದಿದೆ. ಫಿಲಿಪ್ಪೀನ್ಸ್‌ನ ಕಾರ್ಮಿಕ ಇಲಾಖೆ ವಿಪತ್ತಿನಲ್ಲಿ ಕೆಲಸ ಕಳೆದುಕೊಂಡವರಿಗೆ ಟುಪಾಡ್ ಅನ್ನುವ ತುರ್ತು ಉದ್ಯೋಗ ಕೊಡುತ್ತದೆ. ಅದರಲ್ಲಿ ಕನಿಷ್ಠ ಕೂಲಿ ಇದೆ, ಕೆಲಸಕ್ಕೆ ಇಳಿಸುವ ಮೊದಲು ಸುರಕ್ಷತೆಯ ತಿಳಿವಳಿಕೆ ಇದೆ, ಕೈಗವಸು ಮುಂತಾದ ರಕ್ಷಣಾ ಸಾಮಗ್ರಿ ಇದೆ, ವಿಮೆ ಇದೆ. ಈ ನಾಲ್ಕರಲ್ಲಿ ಒಂದು ಕಡಿಮೆಯಾದರೂ ನಿಮ್ಮ ಜನರನ್ನು ಕಳಿಸಬೇಡಿ. ಮೇಲಿನಿಂದ ಒತ್ತಡ ಬರುತ್ತದೆ, 'ಈಗ ಸುಮ್ನೆ ಕಳಿಸಿ, ಆಮೇಲೆ ನೋಡೋಣ' ಅನ್ನುತ್ತಾರೆ. ಅವತ್ತು ಗಟ್ಟಿಯಾಗಿ ನಿಲ್ಲಬೇಕಾದವರು ನೀವು.

ನಮಗೆ ಯಾರ ಮೇಲೂ ಅಧಿಕಾರ ಇಲ್ಲವಲ್ಲ ಅಂತ ನಿಮ್ಮಂಥ ಮಂಡಳಿಗಳಲ್ಲಿ ಹಲವರು ಕೈಚೆಲ್ಲುತ್ತಾರೆ. ಅವರಿಗೆ ನಾನು ಹೇಳುವುದು ಜಪಾನಿನ ಕನ್ಸಾಯ್ ಒಕ್ಕೂಟದ ವಿಷಯ. ಏಳು ಪ್ರಾಂತ್ಯಗಳು ಸೇರಿ 2010ರ ಡಿಸೆಂಬರ್‌ನಲ್ಲಿ ಅದನ್ನು ಕಟ್ಟಿಕೊಂಡವು. ಮೂರೇ ತಿಂಗಳಿಗೆ, 2011ರ ಮಾರ್ಚ್ 11ರಂದು, ದೂರದ ಈಶಾನ್ಯ ಜಪಾನಿನ ತೊಹೊಕುವಿನಲ್ಲಿ ಭೂಕಂಪ ಮತ್ತು ಸುನಾಮಿ ಆಯಿತು. ಮಾರ್ಚ್ 13ರಂದೇ ಗವರ್ನರ್‌ಗಳು ಸೇರಿ ತೊಹೊಕುವಿನ ಮೂರು ಪ್ರಾಂತ್ಯಗಳಲ್ಲಿ ಯಾರು ಯಾವುದಕ್ಕೆ ನೆರವಾಗಬೇಕು ಅಂತ ಹಂಚಿಕೊಂಡರು. ಒಸಾಕಾ ಮತ್ತು ವಕಾಯಾಮಾ ಇವಾತೆಗೆ, ಹ್ಯೋಗೊ, ತೊತ್ತೊರಿ, ತೊಕುಶಿಮಾ ಮಿಯಾಗಿಗೆ, ಶಿಗಾ ಮತ್ತು ಕ್ಯೋತೊ ಫುಕುಶಿಮಾಗೆ. ಹೋದವರು ಅಲ್ಲೇ ಕಚೇರಿ ತೆರೆದು ಕೂತರು. ಏನು ಬೇಕು ಅಂತ ಕೇಳಿ, ತಮ್ಮ ಊರಿಂದ ತರಿಸಿಕೊಟ್ಟರು. 1995ರ ಕೋಬೆ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿದ್ದ ಹ್ಯೋಗೊ ಪ್ರಾಂತ್ಯಕ್ಕೆ, ಪರಿಹಾರ ಕೇಂದ್ರದಲ್ಲಿ ಏನೇನು ತೊಂದರೆ ಬರುತ್ತದೆ ಅಂತ ಅನುಭವದಿಂದಲೇ ಗೊತ್ತಿತ್ತು. ನನಗೆ ಈ ಜೋಡಿ ಕಟ್ಟುವ ಕ್ರಮ ಬಹಳ ಇಷ್ಟ. ಎಲ್ಲರೂ ಎಲ್ಲರಿಗೂ ನೆರವಾಗುತ್ತೇವೆ ಅಂದರೆ ಹೊಣೆ ಯಾರ ಮೇಲೂ ಕೂರುವುದಿಲ್ಲ. ನಿಮ್ಮ ಹನ್ನೊಂದು ಸರ್ಕಾರಗಳಲ್ಲೂ ಒಂದೇ ನದಿಯ ಪಕ್ಕ ಇಲ್ಲದವರನ್ನು ಜೋಡಿ ಮಾಡಿ. ಇಬ್ಬರೂ ಒಟ್ಟಿಗೆ ಮುಳುಗಬಾರದು.

ನಿಮ್ಮ ಕಚೇರಿಯನ್ನೂ ಈ ಲೆಕ್ಕಕ್ಕೆ ಸೇರಿಸಿ. ವಿಪತ್ತಾದ ವಾರ ಅಂಗಡಿ, ಕಾರ್ಖಾನೆ ಮುಚ್ಚುತ್ತವೆ. ಕೆಲಸ ಕಳೆದುಕೊಂಡವರೆಲ್ಲ ನಿಮ್ಮ ಬಾಗಿಲಿಗೇ ಬರುತ್ತಾರೆ. ಅದೇ ದಿನ ನಿಮ್ಮ ಸಿಬ್ಬಂದಿಯ ಅರ್ಧ ಜನ ಬರಲಾಗದೆ ಮನೆಯಲ್ಲಿರುತ್ತಾರೆ. ನಿಮ್ಮ ಜೋಡಿ ಊರಿನ ಉದ್ಯೋಗ ಕೇಂದ್ರ ನಿಮ್ಮ ಫೋನ್ ಕರೆ ತೆಗೆದುಕೊಂಡು ಅರ್ಜಿ ಬರೆದುಕೊಳ್ಳಬಹುದಾ? ತಂತ್ರಜ್ಞಾನದ ಮಟ್ಟಿಗೆ ಇದು ದೊಡ್ಡ ಕೆಲಸವಲ್ಲ, ಮೊದಲೇ ಮಾತಾಡಿಕೊಂಡಿರಬೇಕು ಅಷ್ಟೇ.

ಪಟ್ಟಿ ಹಳೆಯದಾಗುವುದೂ ಬೇಗ. ಬಾಂಗ್ಲಾದೇಶದ ಚಂಡಮಾರುತ ಸಿದ್ಧತೆಯ ಸ್ವಯಂಸೇವಕ ಪಡೆ 1970ರ ಭೀಕರ ಚಂಡಮಾರುತದ ನಂತರ ಶುರುವಾಗಿ ಇಂದಿಗೂ ನಡೆಯುತ್ತಿದೆ. ಈಗ 76,000ದಷ್ಟು ಜನ, ಅದರಲ್ಲಿ ಅರ್ಧ ಹೆಂಗಸರು. ಊರೂರಿನಲ್ಲಿ ಚಿಕ್ಕ ತಂಡಗಳಿವೆ, ತಾಲೀಮು ನಡೆಯುತ್ತಲೇ ಇರುತ್ತದೆ. ಅದಕ್ಕೇ ಅದು ಬದುಕಿದೆ. ನಿಮ್ಮಲ್ಲಿ ದೊಡ್ಡ ಮಾಕ್ ಡ್ರಿಲ್‌ಗೆ ದುಡ್ಡಿಲ್ಲದಿದ್ದರೆ ಇಷ್ಟು ಮಾಡಿ: ಮೂರು ತಿಂಗಳಿಗೊಮ್ಮೆ, ಶನಿವಾರ ಸಂಜೆ, ಮೊದಲೇ ಹೇಳದೆ, ಪಟ್ಟಿಯಿಂದ ಇಪ್ಪತ್ತು ಜನಕ್ಕೆ ಫೋನ್ ಮಾಡಿ. ಎಷ್ಟು ಜನ ಎತ್ತಿದರು, ಎಷ್ಟು ಜನ ನಾಳೆ ಬೆಳಿಗ್ಗೆ ಬರಬಲ್ಲೆ ಅಂದರು ಅಂತ ಬರೆದುಕೊಳ್ಳಿ. ಸಮಿತಿಯ ಸಭೆಯಲ್ಲಿ ಮೊದಲು ಓದಬೇಕಾದದ್ದು ಆ ಎರಡು ಸಂಖ್ಯೆ. ನಾಲ್ಕನೇ ದಿನದ ಕೊರತೆ 35 ಇದ್ದದ್ದು ಎಷ್ಟಕ್ಕೆ ಇಳಿಯಿತು ಅನ್ನೋದು ಮೂರನೆಯದು. ಉಳಿದ ಚರ್ಚೆ ಅದರ ಸುತ್ತ ನಡೆಯಲಿ.

ಮುಂದಿನ ತಿಂಗಳ ಬ್ಯಾಚ್ ಬಗ್ಗೆ ಕೇಳಿದ್ದೀರಿ. ಒಡಂಬಡಿಕೆ ಆಗುವವರೆಗೆ ಕಾಯಬೇಡಿ. ಪ್ರವೇಶ ಅರ್ಜಿಯಲ್ಲಿ ನಾಲ್ಕು ಸಾಲು ಸೇರಿಸಿ. ತುರ್ತು ಸಮಯದಲ್ಲಿ ಕೂಲಿ ಕೊಟ್ಟು ಕರೆದರೆ ಬರುತ್ತೀರಾ? ನಿಮ್ಮ ಹೆಸರು, ನಂಬರ್, ಕೌಶಲವನ್ನು ವಿಪತ್ತು ವಿಭಾಗಕ್ಕೆ ಕೊಡಬಹುದಾ? ಮನೆಯಿಂದ ಎಷ್ಟು ದೂರದವರೆಗೆ ಹೋಗಬಲ್ಲಿರಿ? ಬೇರೆ ಯಾವುದಾದರೂ ತುರ್ತು ಪಟ್ಟಿಯಲ್ಲಿ ಈಗಾಗಲೇ ಇದ್ದೀರಾ? ಇಲ್ಲ ಅಂದವರ ಪ್ರವೇಶಕ್ಕೆ ಯಾವ ತೊಂದರೆಯೂ ಆಗುವುದಿಲ್ಲ ಅಂತ ಅದರ ಕೆಳಗೇ ದೊಡ್ಡ ಅಕ್ಷರದಲ್ಲಿ ಮುದ್ರಿಸಿ. ಹೌದು ಅಂದವರ ಹೆಸರುಗಳನ್ನು ಬ್ಯಾಚ್ ಶುರುವಾದ ಮೊದಲ ವಾರವೇ ತೆಗೆದುಕೊಂಡು ಮೇಲಿನ ಮಹಡಿಗೆ ಹತ್ತಿ ಹೋಗಿ. ಇಮೇಲ್ ಬೇಡ, ನೀವೇ ಹೋಗಿ, ಅವರ ಪ್ರವಾಹದ ನಕ್ಷೆಯ ಪಕ್ಕ ಆ ಹಾಳೆ ಇಟ್ಟು, ಒಂದೊಂದು ಪಂಪಿನ ಮುಂದೆ ಒಂದೊಂದು ಹೆಸರು ಬರೆಯಲು ಶುರು ಮಾಡಿ.